ಪಟ್ಟಿಯಲ್ಲಿ ಗೆದ್ದ ತಂಡ ಅಂಕಣದಲ್ಲಿ ಸೋಲುವುದೇಕೆ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ಶುರುವಾಗುವುದು ನವೆಂಬರ್ ಮೊದಲ ವಾರದಲ್ಲಿ. ಅಭಿಮಾನಿಗಳ ಲೆಕ್ಕಾಚಾರ ಮಾತ್ರ ಏಪ್ರಿಲ್‌ನ ಫೈನಲ್ ಮುಗಿದ ಮರುದಿನವೇ ಶುರು. ಯಾರು ಎನ್‌ಬಿಎಗೆ ಹೊರಟರು, ಯಾರು ಇನ್ನೊಂದು ವರ್ಷ ಉಳಿದರು, ಬೇರೆ ಕಾಲೇಜಿನಿಂದ ಯಾರು ಬಂದರು, ಹೈಸ್ಕೂಲ್ ಮುಗಿಸಿ ಬರುವ ಹುಡುಗನಿಗೆ ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಎಂದು ಏಳು ತಿಂಗಳು ಮಾತು ನಡೆಯುತ್ತದೆ. ನಾರ್ತ್ ಕೆರೊಲಿನಾದ ರಾಲಿ, ಕ್ಯಾರಿ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಮಾತು ಹೊಸದಲ್ಲ. ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಅಲ್ಲಿಂದ ಅರ್ಧ ತಾಸಿನ ದಾರಿ.

ತಂಡವನ್ನು ಹೀಗೆ ಅಳೆದು ತೂಗುವುದು ಆಟ ನೋಡುವಷ್ಟೇ ಖುಷಿ ಕೊಡುವ ಕೆಲಸ ಎಂದೇ ನನ್ನ ಭಾವನೆ. ಆದರೆ ಕೆಲವು ನಂಬಿಕೆಗಳು ಎಷ್ಟು ಸಲ ಸುಳ್ಳಾದರೂ ಮರುವರ್ಷ ಮತ್ತೆ ಎದ್ದು ಕೂರುತ್ತವೆ. ಅವುಗಳಿಂದಾಗಿ ಒಳ್ಳೆಯ ಹುಡುಗರ ಮೇಲೆ ಹೊರಲಾರದ ಭಾರ ಬೀಳುತ್ತದೆ, ಯಾರೂ ಗಮನಿಸದ ಆಟಗಾರನ ದುಡಿಮೆ ಕಣ್ಣಿಗೆ ಬೀಳುವುದೇ ಇಲ್ಲ.

ತಪ್ಪು ಕಲ್ಪನೆ: ಐವರಲ್ಲಿ ನಾಲ್ವರು ಉಳಿದಿದ್ದಾರೆ, ಈ ವರ್ಷ ತಂಡ ಇನ್ನೂ ಗಟ್ಟಿ

ಸತ್ಯ: ಉಳಿದವರನ್ನು ಎಣಿಸಿದರೆ ಸಾಲದು. ಹೋದವನು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ ಎಂದು ಕೇಳಬೇಕು.

ಇದಕ್ಕೆ ನಾರ್ತ್ ಕೆರೊಲಿನಾಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2022ರಲ್ಲಿ ಆ ತಂಡ ಎಂಟನೇ ಸೀಡ್ ಆಗಿ, ಮಾರ್ಚ್‌ನಲ್ಲಿ ಶುರುವಾಗಿ ರಾಷ್ಟ್ರ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಎನ್‌ಸಿಎಎ ಟೂರ್ನಿಗೆ ಬಂತು. ಸೆಮಿಫೈನಲ್‌ನಲ್ಲಿ ಬದ್ಧ ವೈರಿ ಡ್ಯೂಕ್ ತಂಡವನ್ನು 81-77ರಿಂದ ಸೋಲಿಸಿತು. ಡ್ಯೂಕ್‌ನ ದಿಗ್ಗಜ ಕೋಚ್ ಮೈಕ್ ಶಶೆಫ್‌ಸ್ಕಿ ಅವರ ಕೊನೆಯ ಪಂದ್ಯ ಅದು. ಫೈನಲ್‌ನಲ್ಲಿ ಕ್ಯಾನ್ಸಸ್ ವಿರುದ್ಧ ಅರ್ಧ ಆಟಕ್ಕೆ 40-25ರಿಂದ ಮುಂದಿದ್ದರೂ 72-69ರಿಂದ ಸೋತಿತು. ಆ ಓಟವನ್ನು ಬಹುಪಾಲು ಐವರೇ ಹೊತ್ತಿದ್ದರು: ಕೇಲೆಬ್ ಲವ್, ಆರ್‌ಜೆ ಡೇವಿಸ್, ಲೀಕಿ ಬ್ಲ್ಯಾಕ್, ಬ್ರೇಡಿ ಮ್ಯಾನೆಕ್, ಅರ್ಮಾಂಡೊ ಬೇಕಾಟ್. ಮುಂದಿನ ಸೀಸನ್‌ಗೆ ನಾಲ್ವರು ಮರಳಿದರು. ಕಾಲೇಜು ಅವಧಿ ಮುಗಿದು ಹೋದವನು ಮ್ಯಾನೆಕ್ ಒಬ್ಬನೇ. ಸೀಸನ್‌ಪೂರ್ವ ರ್‍ಯಾಂಕಿಂಗ್‌ನಲ್ಲಿ ತಂಡ ದೇಶಕ್ಕೇ ನಂಬರ್ ಒನ್ ಆಯಿತು.

ಆಗಿದ್ದು ಬೇರೆ. ನವೆಂಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನ ಟೂರ್ನಿಯಲ್ಲಿ ಅಯೋವಾ ಸ್ಟೇಟ್ ಎದುರು ಸೋಲು, ಅದಾದ ಎರಡೇ ದಿನಕ್ಕೆ ಅಲಬಾಮಾ ಎದುರು ನಾಲ್ಕು ಓವರ್‌ಟೈಮ್ ಆಡಿ 103-101ರ ಸೋಲು. ಸೀಸನ್ ಮುಗಿದಾಗ 20 ಗೆಲುವು, 13 ಸೋಲು. ಎನ್‌ಸಿಎಎ ಟೂರ್ನಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಟೂರ್ನಿ 64 ತಂಡಗಳಿಗೆ ಹಿಗ್ಗಿದ ಮೇಲೆ, ನಂಬರ್ ಒನ್ ಆಗಿ ಸೀಸನ್ ಆರಂಭಿಸಿ ಟೂರ್ನಿಯನ್ನೇ ತಪ್ಪಿಸಿಕೊಂಡ ಮೊದಲ ತಂಡ ಇದು.

ಮ್ಯಾನೆಕ್ ಮಾಡುತ್ತಿದ್ದುದಾದರೂ ಏನು? ಆರಡಿ ಒಂಬತ್ತಂಗುಲದ ಆಳು, ನಿಲ್ಲುತ್ತಿದ್ದುದು ತ್ರೀ ಪಾಯಿಂಟ್ ಗೆರೆಯ ಹೊರಗೆ. ಪಂದ್ಯಕ್ಕೆ ಆರರಂತೆ ದೂರದ ಹೊಡೆತ ಹೊಡೆದು ಶೇ 40ರಷ್ಟನ್ನು ಬ್ಯಾಸ್ಕೆಟ್‌ಗೆ ಹಾಕುತ್ತಿದ್ದ. ಅವನನ್ನು ಬಿಟ್ಟು ಕದಲುವ ಧೈರ್ಯ ಎದುರಾಳಿಗೆ ಇರಲಿಲ್ಲ. ಹಾಗಾಗಿ ಎದುರು ತಂಡದ ಒಬ್ಬ ಎತ್ತರದ ಆಟಗಾರ ಬ್ಯಾಸ್ಕೆಟ್ ಬಿಟ್ಟು ಹೊರಗೆ ಬರಲೇಬೇಕಿತ್ತು. ಒಳಗೆ ಬೇಕಾಟ್‌ಗೆ ಜಾಗ ಸಿಗುತ್ತಿತ್ತು, ಲವ್ ಮತ್ತು ಡೇವಿಸ್‌ಗೆ ನುಗ್ಗಲು ದಾರಿ ತೆರೆಯುತ್ತಿತ್ತು. ಚೆಂಡು ಮುಟ್ಟದೆಯೂ ಅವನು ತಂಡಕ್ಕೆ ಅಂಕ ತಂದುಕೊಡುತ್ತಿದ್ದ. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಇದರ ಸುಳಿವು 2022ರ ಮಾರ್ಚ್‌ನಲ್ಲೇ ಸಿಕ್ಕಿತ್ತು. ಎರಡನೇ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಬೇಲರ್ ವಿರುದ್ಧ ಇನ್ನು ಹತ್ತು ನಿಮಿಷ ಉಳಿದಿರುವಾಗ ನಾರ್ತ್ ಕೆರೊಲಿನಾ 25 ಅಂಕ ಮುಂದಿತ್ತು. ಅಷ್ಟರಲ್ಲಿ ಮೊಣಕೈ ತಾಗಿಸಿದ್ದಕ್ಕೆ ರೆಫರಿಗಳು ಮ್ಯಾನೆಕ್‌ನನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಲವ್ ಕೂಡ ಐದು ಫೌಲ್ ಮುಗಿಸಿ ಹೊರಬಿದ್ದ. 25 ಅಂಕದ ಮುನ್ನಡೆ ಕರಗಿ ಪಂದ್ಯ 80-80 ಸಮ ಆಯಿತು. ಓವರ್‌ಟೈಮ್‌ನಲ್ಲಿ ಹೇಗೋ 93-86ರಿಂದ ಗೆದ್ದಿದ್ದರಿಂದ ಆ ಹತ್ತು ನಿಮಿಷವನ್ನು ಎಲ್ಲರೂ ಮರೆತರು. ಮರೆಯಬಾರದಿತ್ತು.

ಮ್ಯಾನೆಕ್‌ನ ಜಾಗಕ್ಕೆ ನಾರ್ತ್‌ವೆಸ್ಟರ್ನ್‌ನಿಂದ ಪೀಟ್ ನ್ಯಾನ್ಸ್ ಬಂದ. ಎತ್ತರದಲ್ಲಿ ಕಡಿಮೆಯಿಲ್ಲ, ಹಿಂದಿನ ವರ್ಷ ದೂರದಿಂದ ಶೇ 45ರಷ್ಟು ಹೊಡೆತ ಹಾಕಿದ್ದ. ಕಾಗದದ ಮೇಲೆ ಮ್ಯಾನೆಕ್‌ಗಿಂತ ಒಂದು ಕೈ ಮೇಲು. ಆದರೆ ಆ ಶೇಕಡಾವಾರು ಹುಟ್ಟಿದ್ದು ಮ್ಯಾನೆಕ್ ಹೊಡೆಯುತ್ತಿದ್ದುದರ ಅರ್ಧದಷ್ಟು ಹೊಡೆತಗಳಿಂದ. ಹೊಸ ತಂಡದಲ್ಲಿ ಅದು ಶೇ 32ರ ಆಸುಪಾಸಿಗೆ ಇಳಿಯಿತು, ಇಡೀ ತಂಡದ್ದು ಶೇ 31ಕ್ಕೆ. ನ್ಯಾನ್ಸ್ ಕೆಟ್ಟ ಆಟಗಾರನೇನೂ ಅಲ್ಲ, ಅವನು ಮಾಡುತ್ತಿದ್ದ ಕೆಲಸ ಬೇರೆ ಅಷ್ಟೆ. ದೂರದ ಹೊಡೆತದ ಶೇಕಡಾವಾರು ನೋಡುವಾಗ ಎಷ್ಟು ಹೊಡೆತಕ್ಕೆ ಎಂದು ಕೇಳದೆ ನಂಬಬಾರದು.

ತಪ್ಪು ಕಲ್ಪನೆ: ಐದು ಸ್ಟಾರ್ ಹುಡುಗರು ಹೆಚ್ಚಿದ್ದಷ್ಟೂ ಕಪ್ ಹತ್ತಿರ

ಸತ್ಯ: ಸ್ಟಾರ್‌ಗಳಿಗೆ ಅರ್ಥವಿದೆ. ಆದರೆ ಅವು ಹೇಳುವುದು ಹುಡುಗ ಮುಂದೆ ಎಷ್ಟು ಎತ್ತರಕ್ಕೆ ಹೋಗಬಲ್ಲ ಎಂಬುದನ್ನು, ಬರುವ ಮಾರ್ಚ್‌ನಲ್ಲಿ ಏನು ಮಾಡುತ್ತಾನೆ ಎಂಬುದನ್ನಲ್ಲ.

2018-19ರ ಡ್ಯೂಕ್ ತಂಡದಲ್ಲಿ ಜಯಾನ್ ವಿಲಿಯಮ್ಸನ್, ಆರ್‌ಜೆ ಬ್ಯಾರೆಟ್, ಕ್ಯಾಮ್ ರೆಡಿಶ್ ಮೂವರೂ ಮೊದಲ ವರ್ಷದವರು. ಅದೇ ಬೇಸಿಗೆಯ ಎನ್‌ಬಿಎ ಡ್ರಾಫ್ಟ್‌ನಲ್ಲಿ ಅವರು ಕ್ರಮವಾಗಿ 1, 3 ಮತ್ತು 10ನೆಯವರಾಗಿ ಆಯ್ಕೆಯಾದರು. ಆದರೆ ತಂಡಕ್ಕೆ ದೂರದ ಹೊಡೆತವೇ ಸರಿಯಾಗಿ ಬರುತ್ತಿರಲಿಲ್ಲ. ಎಂಟರ ಘಟ್ಟದಲ್ಲಿ ಮಿಷಿಗನ್ ಸ್ಟೇಟ್ ಎದುರು 68-67ರಿಂದ ಸೋತು ಮನೆಗೆ ನಡೆಯಿತು.

ಹಾಗಾದರೆ ಮೊದಲ ವರ್ಷದ ಹುಡುಗರಿಂದ ಆಗುವುದೇ ಇಲ್ಲವೇ? ಆಗುತ್ತದೆ. 2012ರ ಕೆಂಟಕಿ ಆಂಥೊನಿ ಡೇವಿಸ್ ಬಲದಿಂದ, 2015ರ ಡ್ಯೂಕ್ ಜಾಲಿಲ್ ಒಕಾಫೋರ್ ಮತ್ತು ಟೈಯಸ್ ಜೋನ್ಸ್ ಬಲದಿಂದ ಗೆದ್ದವು. ಆದರೆ ಆ ಕೆಂಟಕಿಯಲ್ಲಿ ನಾಲ್ಕನೇ ವರ್ಷದ ಡೇರಿಯಸ್ ಮಿಲ್ಲರ್ ಇದ್ದ, ಆ ಡ್ಯೂಕ್‌ನಲ್ಲಿ ನಾಲ್ಕನೇ ವರ್ಷದ ಕ್ವಿನ್ ಕುಕ್ ಇದ್ದ. ಗೆದ್ದ ತಂಡವನ್ನು ನೆನೆಯುವಾಗ ಈ ಹೆಸರುಗಳನ್ನು ಬಿಟ್ಟುಬಿಡುವುದೇ ತಪ್ಪು ಕಲ್ಪನೆಯ ಬೇರು. ಹದಿನೆಂಟರ ಹುಡುಗ ಇಪ್ಪತ್ತೆರಡರ ಗಂಡಾಳಿನ ಎದುರು ಮೈಗೆ ಮೈ ಕೊಟ್ಟು ನಿಲ್ಲಬೇಕಾದ ಆಟ ಇದು.

ಇನ್ನೊಂದು ಕಡೆಯಿಂದಲೂ ನೋಡಿ. ಓಚಾಯಿ ಅಗ್ಬಾಜಿ ಕ್ಯಾನ್ಸಸ್‌ಗೆ ಬಂದಾಗ ಅವನ ಮೇಲೆ ದೊಡ್ಡ ನಿರೀಕ್ಷೆ ಇರಲಿಲ್ಲ. ಮೊದಲ ವರ್ಷ ಆಡಿಸದೆ ಉಳಿಸಿಕೊಳ್ಳುವುದು ಕೋಚ್ ಲೆಕ್ಕಾಚಾರವಾಗಿತ್ತು, ಅರ್ಧ ಸೀಸನ್ ಕಳೆದ ಮೇಲೆ ಅಂಕಣಕ್ಕಿಳಿಸಿದರು. ನಾಲ್ಕನೇ ವರ್ಷಕ್ಕೆ ಅವನೇ 2022ರ ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ. ಟೊರಾಂಟೊದ ಜ್ಯಾಕ್ ಈಡಿ ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ ತಡವಾಗಿ. ಹೈಸ್ಕೂಲ್ ರ್‍ಯಾಂಕಿಂಗ್‌ನಲ್ಲಿ 400ಕ್ಕೂ ಕೆಳಗಿದ್ದ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೆಳೆದು 2023 ಮತ್ತು 2024, ಎರಡೂ ವರ್ಷ ದೇಶದ ಅತ್ಯುತ್ತಮ ಆಟಗಾರನಾದ.

ತಪ್ಪು ಕಲ್ಪನೆ: ಎತ್ತರ ಇದ್ದರೆ ಅರ್ಧ ಗೆದ್ದ ಹಾಗೆ

ಸತ್ಯ: ಅದೇ ಈಡಿಯ ಕಥೆ ಕೇಳಿ. ಅವನ ಎತ್ತರ ಏಳಡಿ ನಾಲ್ಕಂಗುಲ. 2023ರ ಮಾರ್ಚ್ 17ರಂದು ಒಂದನೇ ಸೀಡ್ ಪರ್ಡ್ಯೂಗೆ ಎದುರಾದದ್ದು 16ನೇ ಸೀಡ್ ಫೇರ್ಲಿ ಡಿಕಿನ್ಸನ್. ಮೊದಲ ದರ್ಜೆಯ 363 ತಂಡಗಳಲ್ಲೇ ಸರಾಸರಿ ಎತ್ತರದಲ್ಲಿ ಅತಿ ಗಿಡ್ಡ ತಂಡ ಅದು. ಈಡಿ 21 ಅಂಕ, 15 ರೀಬೌಂಡ್ ತೆಗೆದ. ಆದರೂ ಪರ್ಡ್ಯೂ 63-58ರಿಂದ ಸೋತಿತು.

ಗಿಡ್ಡ ಹುಡುಗರು ಒಬ್ಬ ಮುಂದೆ, ಒಬ್ಬ ಹಿಂದೆ ನಿಂತು ಈಡಿಗೆ ಚೆಂಡು ತಲುಪದಂತೆ ಕಟ್ಟಿಹಾಕಿದರು. ಹಾಗೆ ಇಬ್ಬರು ಒಬ್ಬನಿಗೆ ಅಂಟಿಕೊಂಡಾಗ ಹೊರಗೆ ಯಾರಾದರೂ ಖಾಲಿ ಇರಲೇಬೇಕು. ಇದ್ದರು, ಹೊಡೆದರು ಕೂಡ. ಹೊಡೆದ 26 ತ್ರೀ ಪಾಯಿಂಟರ್‌ಗಳಲ್ಲಿ ಬಿದ್ದದ್ದು ಐದೇ. ಮರುವರ್ಷ ಅದೇ ಈಡಿಯ ಸುತ್ತ ಇದ್ದ ಗಾರ್ಡ್‌ಗಳು ಒಂದು ವರ್ಷ ಪಳಗಿದ್ದರು. ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್ ಬಂದ. ತಂಡದ ದೂರದ ಹೊಡೆತ ಶೇ 40ರ ಮಟ್ಟಕ್ಕೆ ಏರಿತು, ಪರ್ಡ್ಯೂ ಫೈನಲ್ ತಲುಪಿತು. ಎತ್ತರ ಮೊದಲೂ ಅಷ್ಟೇ ಇತ್ತು.

ತಪ್ಪು ಕಲ್ಪನೆ: ಅಲ್ಲಿ 17 ಅಂಕ ಹೊಡೆದವನು ಇಲ್ಲೂ 17 ಹೊಡೆಯುತ್ತಾನೆ

ಸತ್ಯ: ಕಾಲೇಜು ಬದಲಿಸಲು ಬಯಸುವವರ ಹೆಸರು ಸೇರುವ ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2021ರಿಂದ ಒಂದು ಸಲ ಕಾಲೇಜು ಬದಲಿಸಿದವನು ವರ್ಷ ಕಾಯದೆ ಆಡಬಹುದಾಯಿತು, 2024ರಲ್ಲಿ ಆ ಒಂದು ಸಲದ ಮಿತಿಯೂ ಹೋಯಿತು. ಈಗ ಅನೇಕ ತಂಡಗಳ ಅರ್ಧ ಪಟ್ಟಿ ಪ್ರತಿ ಬೇಸಿಗೆಯಲ್ಲಿ ಹೊಸದು. ಅಭಿಮಾನಿ ಹೊಸಬರ ಸರಾಸರಿಗಳನ್ನು ಕೂಡಿಸುತ್ತಾನೆ; 17, 15, 14, 13... ಆದರೆ ಅಂಕಣದಲ್ಲಿರುವುದು ಒಂದೇ ಚೆಂಡು. ಸೋಲುವ ತಂಡದಲ್ಲೂ ಯಾರೋ ಒಬ್ಬ ಹೆಚ್ಚು ಹೊಡೆಯಲೇಬೇಕಲ್ಲವೇ? ಹಾಗೆ ಬಂದ ಅಂಕವನ್ನು ಗೆಲ್ಲುವ ತಂಡ ತನ್ನಲ್ಲಿ ಮುಂದುವರಿಸಲು ಬಿಡುವುದಿಲ್ಲ.

ಕಾಲೇಜು ಬದಲಾದರೆ ಆಟಗಾರನ ಬೆಲೆ ಎರಡೂ ದಿಕ್ಕಿಗೆ ಬದಲಾಗಬಹುದು. ನಾರ್ತ್ ಕೆರೊಲಿನಾದ ಸೋಲಿಗೆಲ್ಲ ಹೊಣೆ ಎಂಬಂತೆ ಬೈಸಿಕೊಂಡ ಕೇಲೆಬ್ ಲವ್ ಅರಿಜೋನಾಗೆ ಹೋದ ಮೊದಲ ವರ್ಷವೇ ಪ್ಯಾಕ್-12 ಲೀಗ್‌ನ ಶ್ರೇಷ್ಠ ಆಟಗಾರನಾದ. ಅವನಿಲ್ಲದ ನಾರ್ತ್ ಕೆರೊಲಿನಾದಲ್ಲಿ ಆರ್‌ಜೆ ಡೇವಿಸ್ ತನ್ನ ಲೀಗ್‌ನ ಶ್ರೇಷ್ಠ ಆಟಗಾರನಾದ, ತಂಡ ಒಂದನೇ ಸೀಡ್ ಪಡೆಯಿತು. ಇಬ್ಬರೂ ಒಳ್ಳೆಯವರೇ. ಇಬ್ಬರಿಗೂ ಒಟ್ಟಿಗೆ ಚೆಂಡು ಬೇಕಿದ್ದುದೇ ತೊಡಕಾಗಿತ್ತು. ಆ ಸೋಲಿನ ವರ್ಷ ಲವ್ ಮೇಲೆ ಬಂದ ಬೈಗುಳಗಳಲ್ಲಿ ಅನೇಕವು ಅನ್ಯಾಯದವು ಎಂದೇ ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ರ್‍ಯಾಂಕಿಂಗ್ ಕೊಟ್ಟವರಿಗೆ ಗೊತ್ತಿರುತ್ತದೆ

ಸತ್ಯ: ಅಕ್ಟೋಬರ್‌ನ ರ್‍ಯಾಂಕಿಂಗ್ ಪತ್ರಕರ್ತರ ಮತ, ಅಷ್ಟೇ. ಅವರೂ ಇದೇ ಪಟ್ಟಿ ನೋಡಿ ಮತ ಹಾಕುತ್ತಾರೆ. ನಾರ್ತ್ ಕೆರೊಲಿನಾ ನಂಬರ್ ಒನ್ ಆದ ಅದೇ ಪಟ್ಟಿಯ 25 ಸ್ಥಾನಗಳಲ್ಲಿ ಕನೆಕ್ಟಿಕಟ್ ಇರಲೇ ಇಲ್ಲ. 2023ರ ಕಪ್ ಎತ್ತಿದ್ದು ಕನೆಕ್ಟಿಕಟ್. ಮೊದಲ ಒಂದೆರಡು ಪಂದ್ಯ ನೋಡಿ ತೀರ್ಪು ಕೊಡುವುದೂ ಅಷ್ಟೇ ಅವಸರ. 2019ರ ನವೆಂಬರ್ 5ರಂದು ಕೆಂಟಕಿ ಆಗಿನ ನಂಬರ್ ಒನ್ ಮಿಷಿಗನ್ ಸ್ಟೇಟ್ ತಂಡವನ್ನು ಮಣಿಸಿ ತಾನೇ ನಂಬರ್ ಒನ್ ಆಯಿತು. ಒಂದು ವಾರ ಕಳೆಯುವಷ್ಟರಲ್ಲಿ, ತವರಿನಲ್ಲೇ, ಇವಾನ್ಸ್‌ವಿಲ್‌ಗೆ 67-64ರಿಂದ ಸೋತಿತು. ಆ ಇವಾನ್ಸ್‌ವಿಲ್ ಮುಂದೆ ತನ್ನ ಲೀಗ್‌ನಲ್ಲಿ 18ಕ್ಕೆ 18 ಪಂದ್ಯ ಸೋತಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಆಸೆ ಎಲ್ಲರಿಗೂ ಇರುತ್ತದೆ; ಆ ಕುಲಾವಿಯ ಅಳತೆಯನ್ನು ಡಿಸೆಂಬರ್‌ವರೆಗಾದರೂ ನಂಬಬೇಡಿ.

ತಪ್ಪು ಕಲ್ಪನೆ: ಹತ್ತು ಜನ ಆಡಬಲ್ಲವರಿದ್ದಾರೆ, ಹತ್ತೂ ಜನ ಆಡುತ್ತಾರೆ

ಸತ್ಯ: ಕಾಲೇಜು ಪಂದ್ಯ 40 ನಿಮಿಷ, ಒಮ್ಮೆಗೆ ಐವರು. ಹಂಚಲು ಇರುವುದು 200 ನಿಮಿಷ ಮಾತ್ರ. ಇಷ್ಟು ಸರಳ ಗುಣಾಕಾರವನ್ನು ಬೇಸಿಗೆಯ ಉತ್ಸಾಹದಲ್ಲಿ ಮರೆಯುತ್ತೇವೆ.

ಹತ್ತೂ ಜನರನ್ನು ಆಡಿಸುವ ಪ್ರಯತ್ನವನ್ನು ಕೋಚ್ ಜಾನ್ ಕ್ಯಾಲಿಪಾರಿ ನಿಜಕ್ಕೂ ಮಾಡಿದರು. 2014-15ರ ಅವರ ಕೆಂಟಕಿ ತಂಡದಲ್ಲಿ ಪ್ರತಿಭೆ ಎಷ್ಟು ತುಂಬಿತ್ತೆಂದರೆ, ಐವರ ಎರಡು ಗುಂಪು ಮಾಡಿ ಇಡೀ ಗುಂಪನ್ನೇ ಬದಲಿಸುತ್ತಿದ್ದರು. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲಿಗನಾದ ಕಾರ್ಲ್-ಆಂಥೊನಿ ಟೌನ್ಸ್ ಆಡುತ್ತಿದ್ದುದು ಪಂದ್ಯಕ್ಕೆ 21 ನಿಮಿಷ. ಮುಂದೆ ಎನ್‌ಬಿಎ ತಾರೆಯಾದ ಡೆವಿನ್ ಬುಕರ್ ಬೆಂಚಿನಿಂದ ಎದ್ದು ಬರುತ್ತಿದ್ದ. ಡಿಸೆಂಬರ್‌ನಲ್ಲಿ ಅಲೆಕ್ಸ್ ಪಾಯ್‌ತ್ರೆಸ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ ಮೇಲೆ ಎರಡು ಗುಂಪಿನ ಪದ್ಧತಿ ಸಡಿಲವಾಯಿತು. ತಂಡ 38 ಪಂದ್ಯ ಸತತ ಗೆದ್ದು, ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ 71-64ರಿಂದ ಸೋತಿತು. ತನ್ನ ನಿಮಿಷವನ್ನು ಇನ್ನೊಬ್ಬನಿಗೆ ಬಿಟ್ಟುಕೊಡಲು ಒಪ್ಪಿದ ಆ ಹುಡುಗರ ಬಗ್ಗೆ ನನಗೆ ಇಂದಿಗೂ ಗೌರವ. ಈಗ ಪೋರ್ಟಲ್ ಬಾಗಿಲು ತೆರೆದಿರುವಾಗ, ಆಟಗಾರ ತನ್ನ ಹೆಸರು ಬಳಸಿ ಹಣ ಗಳಿಸುವ ದಾರಿ 2021ರ ಜುಲೈಯಿಂದ ಮುಕ್ತವಾಗಿರುವಾಗ, ಅಂಥವರನ್ನು ಬೆಂಚಿನಲ್ಲಿ ಕೂರಿಸಿ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಬಹುಪಾಲು ತಂಡಗಳಲ್ಲಿ ಮಾರ್ಚ್ ಬರುವಷ್ಟರಲ್ಲಿ ಏಳೆಂಟು ಜನ ಉಳಿಯುತ್ತಾರೆ, ಮಿಕ್ಕವರು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಆದ್ದರಿಂದ ನಿಮ್ಮ ತಂಡದ ಪಟ್ಟಿ ಕೈಗೆ ಬಂದಾಗ ಹೆಸರಿನ ಮುಂದೆ ಸ್ಟಾರ್ ಬರೆಯಬೇಡಿ, ನಿಮಿಷ ಬರೆಯಿರಿ. ಚೆಂಡು ತರುವವನಿಗೆ 32, ಒಳಗೆ ಆಡುವ ಎತ್ತರದವನಿಗೆ 28, ಅವನು ಬೇಗ ಎರಡು ಫೌಲ್ ಮಾಡಿದರೆ ಬರುವವನಿಗೆ 12. ಆಮೇಲೆ ಪ್ರತಿ ಹೆಸರಿನ ಪಕ್ಕ ಅವನ ಕೆಲಸ ಬರೆಯಿರಿ: ಎದುರು ತಂಡದ ಮುಖ್ಯ ಆಟಗಾರನನ್ನು ಕಾಯುವವನು ಯಾರು, ದೂರದಿಂದ ಹೊಡೆಯುವವರು ಎಷ್ಟು ಜನ, ತಪ್ಪಿದ ಹೊಡೆತದ ರೀಬೌಂಡ್‌ಗೆ ಹಾರುವವನು ಯಾರು. ಮೊದಲ ಸಲ ಕೂಡಿಸಿದಾಗ ಒಟ್ಟು 250 ಬರುತ್ತದೆ. ಹೆಚ್ಚಾದ 50 ನಿಮಿಷ ಯಾರ ಪಾಲಿನಿಂದ ಕಳೆಯಬೇಕು ಎಂದು ಕೂತು ವಾದ ಮಾಡಿ. ಕೋಚ್ ಅಕ್ಟೋಬರ್ ಪೂರ್ತಿ ಅಭ್ಯಾಸದ ಅಂಕಣದಲ್ಲಿ ಮಾಡುವ ಕೆಲಸವೂ ಅದೇ.