ಹಾಲು ಕಂಡರೆ ಓಡುವ ಬೆಕ್ಕು



ಕಳೆದ ತಿಂಗಳು ನಮ್ಮ ಮನೆಗೆ ಹೊಸ ಸದಸ್ಯರೊಬ್ಬರ ಆಗಮನವಾಯಿತು. ಇಲ್ಲಿನ ಅನಿಮಲ್ ಶೆಲ್ಟರ್‌ನಿಂದ ತಂದ ಬಿಳಿ ಬೆಕ್ಕು. ಎಂಟು ವರ್ಷದ ಮಗಳು ಅದಕ್ಕೆ ‘ಇಡ್ಲಿ’ ಎಂದು ಹೆಸರಿಟ್ಟಳು. ಮೊದಲ ದಿನವೇ ನಾನು ಬಟ್ಟಲಲ್ಲಿ ಹಾಲು ಹಾಕಿ ಅದರ ಮುಂದಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ಕೇಳದ ಕನ್ನಡಿಗ ಯಾರಿದ್ದಾರೆ? ಇಡ್ಲಿ ಒಮ್ಮೆ ಮೂಸಿ, ಬಾಲ ಎತ್ತಿಕೊಂಡು ಹೊರಟುಹೋಯಿತು. ಹೋಗಲಿ ಎಂದು ಜಾಮೂನಿನ ಒಂದು ಚೂರು ಕೊಟ್ಟೆ. ಅದಕ್ಕೂ ಅಷ್ಟೇ ಮರ್ಯಾದೆ!

ಬೆಕ್ಕಿಗೆ ಹಾಲು ಕೊಡಬೇಡಿ ಎಂದು ಶೆಲ್ಟರ್‌ನವರು ಕೊಟ್ಟ ಕಾಗದದಲ್ಲೇ ಇದೆ ಅಂತ ಮಗಳು ನನ್ನನ್ನು ಇಂಗ್ಲಿಷಿನಲ್ಲಿ ಗದರಿದಳು. ಓದಿ ನೋಡಿದರೆ ಅವಳು ಹೇಳಿದ್ದೇ ಸರಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿಗಳಿಗಿರುತ್ತದೆ, ಬೆಳೆದ ಮೇಲೆ ಬಹುತೇಕ ಬೆಕ್ಕುಗಳಲ್ಲಿ ಅದು ಕುಗ್ಗುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಇನ್ನು ಜಾಮೂನಿನ ವಿಷಯ. ಸಿಹಿಯನ್ನು ಗುರುತಿಸಲು ನಾಲಿಗೆಗೆ ಎರಡು ಜೀನ್‌ಗಳು ಬೇಕು. ಬೆಕ್ಕಿನಲ್ಲಿ ಅವುಗಳಲ್ಲೊಂದು ಕೆಲಸ ಮಾಡುವುದಿಲ್ಲ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹುಲಿ, ಚೀತಾಗಳದ್ದೂ ಇದೇ ಪಾಡು. ಪಾಪ, ಜಾಮೂನಿನ ರುಚಿ ಗೊತ್ತಿಲ್ಲದ ಜನ್ಮ!

ಆ ರಾತ್ರಿ ಮಗಳಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಹೇಳಿದೆ. ನಿಮಗೆಲ್ಲ ಗೊತ್ತಿರುವುದೇ. ವಿಜಯನಗರದಲ್ಲಿ ಇಲಿಗಳ ಕಾಟ. ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸುತ್ತಾನೆ. ನಮ್ಮ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟುಬಿಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯುವುದಿಲ್ಲ. ಹಾಲೆಲ್ಲ ಮನೆಯವರ ಪಾಲು! ತಪಾಸಣೆಯ ದಿನ ಊರಿನ ಬೆಕ್ಕುಗಳೆಲ್ಲ ದುಂಡಗೆ, ಇವನದು ಮಾತ್ರ ಒಣಕಲು. ನನ್ನ ಬೆಕ್ಕು ಹಾಲು ಕುಡಿಯುವುದೇ ಇಲ್ಲ ಪ್ರಭು ಎನ್ನುತ್ತಾನೆ. ರಾಜ ಹಾಲು ತರಿಸುತ್ತಾನೆ, ಬೆಕ್ಕು ಬಟ್ಟಲು ನೋಡಿದ್ದೇ ತಡ ಓಟ ಕೀಳುತ್ತದೆ. ಇಡೀ ಸಭೆ ಬಿದ್ದು ಬಿದ್ದು ನಗುತ್ತದೆ.

ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದವನು. ರಾಮಕೃಷ್ಣ ತೆಲುಗಿನಲ್ಲಿ ‘ಪಾಂಡುರಂಗ ಮಾಹಾತ್ಮ್ಯ’ ಬರೆದ ನಿಜವಾದ ಕವಿ. ಬೆಕ್ಕಿನ ಕಥೆ ಮಾತ್ರ ಜನರ ಬಾಯಲ್ಲಿ ಬೆಳೆದು ಬಂದದ್ದು. ಇದನ್ನೆಲ್ಲ ಹೇಳಿ, ಮಗಳು ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ.

“ಎಲ್ಲರೂ ನಕ್ಕರಾ ಅಪ್ಪಾ?”

“ಹೂಂ ಪುಟ್ಟಿ.”

“ಬೆಕ್ಕಿಗೆ ಬಾಯಿ ಸುಟ್ಟಿತ್ತಲ್ಲ, ಅದನ್ನ ಯಾರೂ ಕೇಳಲಿಲ್ವಾ?”

ನಾನು ಲೈಟ್ ಆರಿಸಿ ಹೊರಗೆ ಬಂದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಹೋದ ವರ್ಷ ನಮ್ಮ ರಾಜ್ಯೋತ್ಸವದಲ್ಲಿ ಮಗಳು ವೇದಿಕೆಯ ಮೇಲೆ ನಾಲ್ಕು ಮಾತು ಹೇಳಿದ್ದಳು. “ನಮ್ಮ ಅಜ್ಜಿ ಹಳ್ಳಿಯಲ್ಲಿದ್ದಾರೆ” ಎನ್ನುವ ಬದಲು “ಅಜ್ಜಿ ಹಲ್ಲಿಯಲ್ಲಿದ್ದಾರೆ” ಎಂದಳು. ಸಭೆ ನಕ್ಕಿತು. ಯಾರದ್ದೂ ಕೆಟ್ಟ ಮನಸ್ಸಲ್ಲ, ಎಲ್ಲರೂ ನಮ್ಮವರೇ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಮೇಲೆ ಮೂರು ಮನೆಗಳ ಊಟದಲ್ಲಿ ಅದನ್ನೇ ಜೋಕ್ ಮಾಡಿ ಹೇಳಿದವನೂ ನಾನೇ. ಅಂದಿನಿಂದ ಅವಳು ಕನ್ನಡ ಕ್ಲಾಸ್ ಎಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಊರಿಂದ ಅಮ್ಮ ಫೋನ್ ಮಾಡಿದರೆ “ಹಾಯ್ ಅಜ್ಜಿ” ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. “ಮಗುಗೆ ನನ್ನ ಮೇಲೆ ಕೋಪಾನಾ?” ಎಂದು ಅಮ್ಮ ಕೇಳಿದಾಗ ಈ ದೇಶದಲ್ಲಿ ಹುಟ್ಟಿದ ಮಕ್ಕಳೇ ಹೀಗೆ ಎಂದು ದೇಶದ ಮೇಲೆ ಹಾಕಿದ್ದೆ. ಕುದಿಯುವ ಹಾಲು ಇಟ್ಟವನು ನಾನು, ಬೆಕ್ಕಿಗೆ ರುಚಿ ಗೊತ್ತಿಲ್ಲ ಎಂದು ದೂರಿದವನೂ ನಾನು!

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗಳ ಪಕ್ಕ ಕೂತು ಸಾರಿ ಕೇಳಿದೆ. ಅವಳು ಏನೂ ಹೇಳಲಿಲ್ಲ, ಇಡ್ಲಿಯ ಬೆನ್ನು ಸವರುತ್ತಾ ಕೂತಳು. ತಿನ್ನುವ ಇಡ್ಲಿ ತಟ್ಟೆಯಲ್ಲೇ ಆರಿತು.

ಕನ್ನಡ ಮಾತಾಡು ಅಂತ ನಾನು ಮತ್ತೆ ಹೇಳಲಿಲ್ಲ. ಎರಡು ವಾರದ ನಂತರ ಒಂದು ಚೀಟಿಯಲ್ಲಿ ರಾಮಕೃಷ್ಣನ ಬಿರುದು ‘ವಿಕಟಕವಿ’ ಎಂದು ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲೂ ಬರೆದೆ. ಯಾವುದು ತಿರುಗಿಸಿ ಓದಿದರೂ ಹಾಗೇ ಇರುತ್ತದೆ ಹೇಳು ಎಂದೆ. ಅವಳು ಬೆರಳಿಟ್ಟು ಹಿಂದಿನಿಂದ ಓದಿದಳು: ವಿ, ಕ, ಟ, ಕ, ವಿ. ಇಂಗ್ಲಿಷಿನದನ್ನು ತಿರುಗಿಸಿದರೆ ಏನೇನೋ ಆಯಿತು. “ಇದು ಕನ್ನಡದಲ್ಲಿ ಮಾತ್ರ ವರ್ಕ್ ಆಗತ್ತೆ!” ಎಂದು ಕೂಗಿದಳು. ತೆಲುಗಿನಲ್ಲೂ ಆಗುತ್ತದೆ, ಆದರೆ ಆಗ ತಿದ್ದುವ ಧೈರ್ಯ ನನಗಿರಲಿಲ್ಲ.

ಆ ಭಾನುವಾರ ಅಮ್ಮ ಫೋನ್ ಮಾಡಿದಾಗ ಮಗಳು ಫೋನ್ ಕಿತ್ತುಕೊಂಡು, “ಅಜ್ಜೀ, ವಿಕಟಕವಿ ಉಲ್ಟಾ ಹೇಳಿ ನೋಡೋಣ” ಎಂದಳು. ಆಮೇಲೆ ಹತ್ತು ನಿಮಿಷ ಬೆಕ್ಕಿನ ಪುರಾಣ. ಅಜ್ಜಿಯ ಹಳ್ಳಿ ಈಗಲೂ ಹಲ್ಲಿಯೇ. ಅಮ್ಮ ಅದನ್ನು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಮತ್ತೆ ವೇದಿಕೆ ಹತ್ತುತ್ತಾರೆ. ಹಾಲು ಸ್ವಲ್ಪ ಆರಿಸಿ ಕೊಡೋಣ. ಏನಂತೀರಿ?