ಜಾತ್ರೆ ಪೀಪಿಯಲ್ಲ, ಕಛೇರಿ ಕೊಳಲು!

ಸಿರಿಗೆರೆ: ಜಾತ್ರೆ ಬಂತೆಂದರೆ ಕೊಳಲು ಮಾರುವವ ಬರ್ತಾನೆ. ಹುಡುಗ ಹಠ ಹಿಡೀತಾನೆ, ಅಪ್ಪ ಕೊಡಿಸ್ತಾನೆ. ಎರಡು ದಿನ ಪೀಪೀ ಅನ್ನಿಸಿ ಮೂರನೇ ದಿನ ಅದು ಅಟ್ಟ ಸೇರುತ್ತದೆ. ಹುಡುಗನ ತಪ್ಪಲ್ಲ ಬಿಡಿ. ಅಂಥ ಕೊಳಲುಗಳ ತೂತುಗಳನ್ನು ಬಹುಮಟ್ಟಿಗೆ ಶ್ರುತಿ ನೋಡಿ ಕೊರೆದಿರುವುದಿಲ್ಲ. ಎಷ್ಟು ಊದಿದರೂ ಅಷ್ಟೇ.

ಅದೇ ಬಿದಿರು ಇವತ್ತು ಎರಡೆರಡು ತಾಸಿನ ಕಛೇರಿಯನ್ನೇ ಹೊರುತ್ತಿದೆ. ಕೊಳಲಿಗೆ ತಂತಿಯಿಲ್ಲ, ಮನೆಯಿಲ್ಲ, ಹಾರ್ಮೋನಿಯಂನಂತೆ ಒತ್ತಿದರೆ ಸಿಗುವ ಸ್ವರವೂ ಇಲ್ಲ. ಅರ್ಧ ಮುಚ್ಚಿದ ತೂತು, ಚೂರು ವಾಲಿಸಿದ ತುಟಿ, ಎದೆಯ ಉಸಿರು, ಇಷ್ಟರಲ್ಲೇ ಗಮಕ ಹುಟ್ಟಬೇಕು. ಕರ್ನಾಟಕ ಸಂಗೀತದ್ದು ಊದುವ ತೂತು ಬಿಟ್ಟು 8 ತೂತಿನ ಗಿಡ್ಡ ಕೊಳಲು. ಹಿಂದೂಸ್ತಾನಿಯದು ಉದ್ದ. ಸುಮಾರು 32 ಇಂಚಿನ ಬಾನ್ಸುರಿಯನ್ನು ಕಛೇರಿಗೆ ಹತ್ತಿಸಿದವರು 1960ರಲ್ಲಿ ತೀರಿಕೊಂಡ ಪನ್ನಾಲಾಲ್ ಘೋಷ್. ಉದ್ದ ಹೆಚ್ಚಿದಷ್ಟೂ ದನಿ ಮಂದ್ರಕ್ಕೆ ಇಳಿಯುತ್ತದೆ.

ದಕ್ಷಿಣದಲ್ಲಿ ದಾರಿ ತೋರಿಸಿದವರು 'ಮಾಲಿ' ಅಂತಲೇ ಹೆಸರಾದ ಟಿ.ಆರ್. ಮಹಾಲಿಂಗಂ (1926-1986). ಹಾಡುವವರ ಗಂಟಲಿನ ಎಳೆತವನ್ನು ಕೊಳಲಿಗೆ ತಂದ ಪುಣ್ಯಾತ್ಮ.

ಈಗಿನವರಲ್ಲಿ ನಮ್ಮ ರಾಜ್ಯದವರೇ ಮುಂದಿದ್ದಾರೆ. ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್, 12ನೇ ವಯಸ್ಸಿಗೇ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಹಿರಿಯರ ಸರದಿಯಲ್ಲಿ ಕೂತು ನುಡಿಸಿದವರು. ಧಾರವಾಡದ ಪ್ರವೀಣ್ ಗೋಡ್ಖಿಂಡಿ ಓದಿದ್ದು ಇಂಜಿನಿಯರಿಂಗ್, ಕಲಿತದ್ದು ತಂದೆ ವೆಂಕಟೇಶ್ ಗೋಡ್ಖಿಂಡಿಯವರ ಬಳಿ. ಗಾಯನದ ಎಳೆತದ ಜೊತೆಗೆ ಸಿತಾರಿನ ಮೀಟಿನಂಥ ತುಂಡು ಸ್ವರವನ್ನೂ ಊದಿ ತೋರಿಸ್ತಾರೆ. 8 ಅಡಿಯ ಕೊಳಲನ್ನೂ ಊದಿದ್ದಾರೆ. ಆಳಿಗಿಂತ ಉದ್ದದ ಕೊಳಲು, ಸ್ವಾಮಿ!

ನಮ್ಮ ಕಡೆ ಏನಾಗಿದೆ? ಸಮಾರಂಭಗಳಲ್ಲಿ ಕೊಳಲಿಗೆ ಸಿಗೋದು ಎರಡು ಭಾಷಣಗಳ ನಡುವಿನ ಹತ್ತು ನಿಮಿಷ. ಅದರಲ್ಲೂ ಒಂದು ಸಿನಿಮಾ ಹಾಡು. ಕೇಳಿದರೆ 'ಜನ ಕೂರೋದಿಲ್ಲ' ಎಂಬ ಉತ್ತರ. ಇದು ಒಪ್ಪುವ ಮಾತಲ್ಲ. ತರಳಬಾಳು ಹುಣ್ಣಿಮೆಯ ಒಂಬತ್ತು ದಿನ ಸಾವಿರಗಟ್ಟಲೆ ಜನ ನೆಲದ ಮೇಲೆ ಕೂತು ವಚನ, ನೃತ್ಯ, ಉಪನ್ಯಾಸ ಎಲ್ಲಾ ಕೇಳ್ತಾರೆ. ಅಂಥ ಜನ ಒಂದು ರಾಗದ ಆಲಾಪಕ್ಕೆ ಎದ್ದು ಹೋಗ್ತಾರೆಯೇ? ಒಂದು ರಾತ್ರಿ ಪೂರಾ ಕೊಳಲಿಗೆ ಬಿಟ್ಟುಕೊಟ್ಟು ನೋಡಲಿ. ಮೈಕಿನವನು ಮಾತ್ರ ಎಕೋ ಬಂದ್ ಮಾಡಿರಬೇಕು.

ಅಲ್ಲಿತನಕ ಮಕ್ಕಳಿಗೆ ಕೊಳಲು ಕೊಡಿಸುವವರು ಒಂದು ಕೆಲಸ ಮಾಡಿ. ಕೊಳ್ಳುವ ಮುಂಚೆ ಊರಿನ ಭಜನೆಯವರ ಹಾರ್ಮೋನಿಯಂ ಪಕ್ಕ ಊದಿಸಿ, ಸ್ವರ ಕೂಡುತ್ತದೋ ಇಲ್ಲವೋ ಕೇಳಿಕೊಳ್ಳಿ. ಕೂಡದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.