ಕಣ್ಣಳತೆಯಲ್ಲಿ, ಕಿವಿಯಳತೆಯಾಚೆ

ತುಂಗಭದ್ರೆಯ ಉತ್ತರ ತೀರದಲ್ಲಿ, ಹಂಪೆಯ ಬಂಡೆಗಳಿಗೆ ಎದುರಾಗಿ, ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಭತ್ತ ಬೆಳೆಯುವ ಸಾಣಾಪುರದಂಥ ಗ್ರಾಮದಿಂದ ಒಬ್ಬನನ್ನು ಪೊಲೀಸರು ಹಿಡಿದೊಯ್ದು, ಗಂಗಾವತಿಯ ನ್ಯಾಯಾಲಯದ ಮುಂದೆ ನಿಲ್ಲಿಸಿ, ಅಲ್ಲಿಂದ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರೆಂದರೆ, ಅವನ ಮನೆಯವರಿಗೆ ಆ ಕ್ಷಣದಿಂದಲೇ ದಿಕ್ಕು ತೋರದ ಅಲೆದಾಟವು ಪ್ರಾರಂಭವಾಗುತ್ತದೆ. ಅವನು ಕೊಪ್ಪಳದ ಜಿಲ್ಲಾ ಕಾರಾಗೃಹದಲ್ಲಿರಬಹುದು. ಸ್ಥಳಾಭಾವದಿಂದಲೋ ಭದ್ರತೆಯ ದೃಷ್ಟಿಯಿಂದಲೋ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ಸಾಗಿಸಲ್ಪಟ್ಟಿರಲೂಬಹುದು. ತಾಯಿಯೋ ಹೆಂಡತಿಯೋ ದಿನದ ಕೂಲಿಯನ್ನು ಬಿಟ್ಟು ಬಸ್ಸು ಹತ್ತಿ, ಜೈಲಿನ ಬಾಗಿಲಲ್ಲಿ ಸರದಿ ನಿಂತು, ಜಾಲರಿಯ ಆಚೆಗಿನ ಮುಖವನ್ನು ನೋಡಿ ಕಣ್ಣೀರಿಟ್ಟು ಮರಳುತ್ತಾಳೆ. ಇದನ್ನು ನಮ್ಮ ಜನ ಮುಲಾಖಾತ್ ಎನ್ನುತ್ತಾರೆ. ವಕೀಲರು ಅದೇ ಬಾಗಿಲಿಗೆ ಬಂದು ತಮ್ಮ ಕಕ್ಷಿದಾರನನ್ನು ಕಾಣಬೇಕೆನ್ನುವುದನ್ನೂ ಜನಸಾಮಾನ್ಯರು, ಕೆಲವೊಮ್ಮೆ ಕಾವಲಿನವರು ಸಹ, ಇದೇ ಬಗೆಯ ಇನ್ನೊಂದು ಅನುಗ್ರಹವೆಂದು ಭಾವಿಸುವರು. ಬಂಧುಗಳ ಭೇಟಿಯಲ್ಲಿ ಕರುಣೆಯಿದೆ, ಅದು ಅವಶ್ಯವೂ ಹೌದು. ವಕೀಲರ ಭೇಟಿಯಾದರೋ ವಿಚಾರಣೆಯದೇ ಒಂದು ಅಂಗ. ಅದು ನಡೆಯದೆ ಹೋದಲ್ಲಿ ನ್ಯಾಯಾಲಯದಲ್ಲಿ ಮುಂದೆ ನಡೆಯತಕ್ಕದ್ದೆಲ್ಲವೂ ಊನವಾಗಿಯೇ ಉಳಿಯುತ್ತದೆ.

ಈ ವಿಚಾರವು ಹೊಸದಲ್ಲ. ಬಳ್ಳಾರಿಯು ಮದರಾಸು ಪ್ರಾಂತದಲ್ಲಿಯೂ ಕೊಪ್ಪಳವು ನಿಜಾಮರ ರಾಜ್ಯದಲ್ಲಿಯೂ ಇದ್ದ ಕಾಲದಲ್ಲಿ, ಬ್ರಿಟಿಷರು 1894ರಲ್ಲಿ ರಚಿಸಿದ ಕಾರಾಗೃಹ ಕಾಯಿದೆಯು, ವಿಚಾರಣಾಧೀನ ಕೈದಿಯು ತನ್ನ ವಕೀಲರನ್ನು ಅನ್ಯರಾರೂ ಬಳಿಯಿಲ್ಲದಂತೆ ಕಾಣಬಹುದೆಂದು ಆಗಲೇ ಒಪ್ಪಿತ್ತು. ನಮ್ಮ ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಾದವನು ತನಗೆ ಇಷ್ಟವಾದ ವಕೀಲರೊಡನೆ ಸಮಾಲೋಚಿಸುವುದನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ ಸೂಕ್ಷ್ಮವಾದ ಒಂದು ಪ್ರಶ್ನೆಯು ಉಳಿದಿತ್ತು: ಅಧಿಕಾರಿಯೊಬ್ಬ ಪಕ್ಕದಲ್ಲಿ ಕುಳಿತು ಮಾತುಗಳನ್ನೆಲ್ಲ ಆಲಿಸುತ್ತಿದ್ದರೆ ಅದು ಸಮಾಲೋಚನೆಯೆನಿಸುವುದೆ? 1981ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಫ್ರಾನ್ಸಿಸ್ ಕೊರಾಲಿ ಮುಲಿನ್ ಎಂಬ ಬ್ರಿಟಿಷ್ ಮಹಿಳೆಯ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರವಿತ್ತಿತು. ದಿಲ್ಲಿಯಲ್ಲಿ ಬಂಧನದಲ್ಲಿದ್ದ ಆಕೆಯನ್ನು ವಕೀಲರು ಕಾಣಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಸುಂಕದ ಇಲಾಖೆಯ ಅಧಿಕಾರಿಯೊಬ್ಬ ಎದುರಿಗೇ ಇರಬೇಕು ಎಂಬ ನಿಬಂಧನೆಯಿತ್ತು. ಆ ಅಧಿಕಾರಿ ಬಾರದಿದ್ದರೆ ಭೇಟಿಯೇ ಇಲ್ಲ. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಆ ನಿಬಂಧನೆಯನ್ನು ರದ್ದುಗೊಳಿಸಿ, ಜೈಲಿನ ಅಧೀಕ್ಷಕರಿಂದ ಸಮಯವನ್ನು ಪಡೆದು ಯುಕ್ತವಾದ ಯಾವ ವೇಳೆಯಲ್ಲಾದರೂ ವಕೀಲರು ಭೇಟಿಯಾಗಬಹುದೆಂದೂ, ಅವಶ್ಯವೆನಿಸಿದರೆ ಜೈಲಿನ ಸಿಬ್ಬಂದಿ ದೂರದಿಂದ ನೋಡುತ್ತಿರಬಹುದೇ ಹೊರತು ಮಾತು ಕಿವಿಗೆ ಬೀಳುವಷ್ಟು ಸಮೀಪದಲ್ಲಿ ಇರಕೂಡದೆಂದೂ ವಿಧಿಸಿದರು. ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳಿಸದಂತೆ ಎಂಬ ಈ ಅಳತೆಯಷ್ಟು ವಿವೇಕಯುತವಾದ ಅಳತೆಯನ್ನು ಕಾನೂನಿನಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ಆ ಗೋಪ್ಯತೆಯು ಏತಕ್ಕೆಂಬುದು ದೋಷಾರೋಪಣ ಪತ್ರವನ್ನು ಕೈದಿಯ ಮುಂದೆ ಬಿಚ್ಚಿ ಓದುವಾಗ ತಿಳಿಯುತ್ತದೆ. ಕಾಲುವೆಯ ತೂಬಿನ ಬಳಿ, ಪೊದೆಯ ಮರೆಯಲ್ಲಿ ಕುಡುಗೋಲು ಸಿಕ್ಕಿತೆಂದು ಮಹಜರಿನಲ್ಲಿ ಬರೆದಿದೆ, ಇಬ್ಬರು ಪಂಚರು ರುಜು ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಗಂಗಾವತಿಯ ಕಚೇರಿಯಲ್ಲಿ ಕುಳಿತ ವಕೀಲರಿಗೆ ಅದು ಬರಿಯ ಕಾಗದ. ಕೈದಿಯಾದರೋ, ಆ ತಿಂಗಳು ಆ ತೂಬಿನ ಬಳಿ ಮೊಳಕಾಲುದ್ದ ನೀರು ನಿಂತಿತ್ತೆಂದೂ, ಪಂಚರಲ್ಲೊಬ್ಬನಿಗೂ ತನ್ನ ಅಣ್ಣನಿಗೂ ಬದುವಿನ ವ್ಯಾಜ್ಯವಿದೆಯೆಂದೂ ಹೇಳಬಲ್ಲನು; ತನಗೆ ಅಹಿತವಾದ ಸಂಗತಿಯೊಂದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾದೀತು. ಪಕ್ಕದಲ್ಲಿ ಪೇದೆ ನಿಂತಿದ್ದರೆ ಅವನು ಈ ಎರಡರಲ್ಲಿ ಒಂದನ್ನೂ ಆಡಲಾರನು.

ಇನ್ನು ಭೇಟಿಯ ವ್ಯವಸ್ಥೆಯ ಮಾತು. ಮನೆಯವರು ಮೊದಲು ಮಾಡತಕ್ಕ ಕೆಲಸವೆಂದರೆ ಕೈದಿಯ ಹೆಸರು, ತಂದೆಯ ಹೆಸರು, ಠಾಣೆ ಮತ್ತು ಅಪರಾಧ ಸಂಖ್ಯೆ, ಬಂಧನಕ್ಕೆ ಕಳುಹಿಸಿದ ನ್ಯಾಯಾಲಯ, ಜೈಲಿನಲ್ಲಿ ಅವನಿಗೆ ಕೊಟ್ಟಿರುವ ವಿಚಾರಣಾಧೀನ ಕೈದಿಯ ಸಂಖ್ಯೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ವಕೀಲರಿಗೆ ಒಪ್ಪಿಸುವುದು. ಒಂದೇ ಹೆಸರಿನ ಇಬ್ಬರು ಮೂವರು ಒಳಗಿರುವುದು ಅಪರೂಪವಲ್ಲ. ವಕೀಲರು ತಮ್ಮ ವಕೀಲರ ಪರಿಷತ್ತಿನ ಗುರುತಿನ ಚೀಟಿಯೊಡನೆ ಅಧೀಕ್ಷಕರಿಗೆ ಅರ್ಜಿ ಕೊಡುತ್ತಾರೆ. ಬಾಗಿಲಲ್ಲಿ ಮೊಬೈಲನ್ನು ಒಪ್ಪಿಸಿ, ತಪಾಸಣೆಗೆ ಒಳಪಟ್ಟು, ದಫ್ತರಿನಲ್ಲಿ ಹೆಸರು ವೇಳೆಗಳನ್ನು ದಾಖಲಿಸಿ ಒಳಹೋಗುತ್ತಾರೆ. ವಕಾಲತ್ತಿಗೆ ಕೈದಿಯು ರುಜುವನ್ನೋ ಹೆಬ್ಬೆಟ್ಟನ್ನೋ ಒತ್ತಿದ ಮೇಲೆ ಜೈಲಿನ ಅಧಿಕಾರಿಯು ಅದನ್ನು ದೃಢೀಕರಿಸಿ ಮೊಹರು ಹಾಕುತ್ತಾರೆ. ಈ ಮೊಹರಿಗಾಗಿಯೇ ಎಷ್ಟೋ ಜಾಮೀನು ಅರ್ಜಿಗಳು ದಿನಗಟ್ಟಲೆ ಕಾಯುತ್ತವೆಂಬುದು ವಕೀಲ ವೃತ್ತಿಯವರಿಗೆಲ್ಲ ಗೊತ್ತು. ಭೇಟಿಯ ದಿನವನ್ನು ಗೊತ್ತುಮಾಡುವ ಮುನ್ನ, ಅಂದು ಕೈದಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ವಾಯಿದೆಯೇನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು. ಇಲ್ಲವಾದರೆ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳಬೇಕಾದೀತು.

ಈ ಹಕ್ಕಿಗೆ ನಿಜವಾದ ಪರೀಕ್ಷೆಯೊದಗುವುದು ಜನರ ರೋಷವು ಉರಿಯುತ್ತಿರುವಾಗ. 2025ರ ಮಾರ್ಚ್ ತಿಂಗಳಿನ ಒಂದು ರಾತ್ರಿ ಇದೇ ಸಾಣಾಪುರದ ಬಳಿ, ಕಾಲುವೆಯ ದಡದಲ್ಲಿ, ಪ್ರವಾಸಿಗಳ ಮೇಲೂ ಅವರೊಡನಿದ್ದ ಆತಿಥೇಯ ಮಹಿಳೆಯ ಮೇಲೂ ನಡೆದ ಪೈಶಾಚಿಕ ಕೃತ್ಯವೂ, ಅದರಲ್ಲಿ ಒಬ್ಬ ಯುವಕನು ಪ್ರಾಣ ನೀಗಿದ್ದೂ ಈ ಸೀಮೆಯವರೆಲ್ಲರ ತಲೆ ತಗ್ಗಿಸಿದವು. ಇಂಥ ಆರೋಪ ಹೊತ್ತವರಿಗೂ ವಕೀಲರೇ ಎಂದು ಕೇಳುವವರ ಸಂಕಟವನ್ನು ನಾನು ಬಲ್ಲೆ. ಆದರೆ ನೊಂದವರಿಗೆ ಸಲ್ಲಬೇಕಾದ ನ್ಯಾಯವು ಮೇಲಿನ ನ್ಯಾಯಾಲಯದಲ್ಲಿ ಕುಸಿಯದೆ ನಿಲ್ಲಬೇಕಾದರೆ, ಆರೋಪಿಯ ಪರವಾಗಿ ಆಡಬೇಕಾದುದೆಲ್ಲವನ್ನೂ ಒಬ್ಬರು ಆಡಿರಬೇಕು; ಆಡುವುದಕ್ಕೆ ಮೊದಲು ಅವನನ್ನು ಕಂಡಿರಬೇಕು. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಕಲಿಯುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಮೊಕದ್ದಮೆ ಹೂಡಲ್ಪಟ್ಟು, ಅವರನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳುಹಿಸಿದಾಗ, ಹುಬ್ಬಳ್ಳಿಯ ವಕೀಲರ ಸಂಘವು ಅವರ ಪರ ಯಾರೂ ನಿಲ್ಲಬಾರದೆಂದು ಠರಾವು ಮಾಡಿತು. ಅಂಥ ಠರಾವುಗಳು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಹೇಳಿತ್ತು. ನಮ್ಮ ಉಚ್ಚ ನ್ಯಾಯಾಲಯವು ಸಂಘದ ನಡೆಯನ್ನು ತೀಕ್ಷ್ಣವಾಗಿ ಪ್ರಶ್ನಿಸಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸರ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯವನ್ನು ಹೊಕ್ಕು ಜಾಮೀನಿನ ಅರ್ಜಿ ಸಲ್ಲಿಸಬೇಕಾಯಿತು.

ವಕೀಲರ ಶುಲ್ಕವನ್ನು ತೆರಲಾರದವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೆಯ ಪ್ರಕರಣದಂತೆ ಬಂಧನದಲ್ಲಿರುವ ಪ್ರತಿಯೊಬ್ಬನೂ ಉಚಿತ ನೆರವಿಗೆ ಅರ್ಹನು. ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು, ಕೈದಿಯೇ ಜೈಲಿನೊಳಗಿನ ನೆರವು ಕೇಂದ್ರದಲ್ಲಿ ಕೇಳಿಕೊಳ್ಳಬಹುದು. ಆದರೆ ಹೀಗೆ ನೇಮಕಗೊಂಡ ವಕೀಲರು ಕಕ್ಷಿದಾರನನ್ನು ವಿಚಾರಣೆಯ ದಿನ, ನ್ಯಾಯಾಲಯದ ಮೊಗಸಾಲೆಯಲ್ಲಿ, ಬೇಡಿಯ ಹಗ್ಗ ಹಿಡಿದ ಪೇದೆಯ ಸಮಕ್ಷಮದಲ್ಲಿ ಮೊದಲ ಬಾರಿಗೆ ಕಾಣುವಂತಾದರೆ ಆ ನೆರವು ಹೆಸರಿಗೆ ಮಾತ್ರದ್ದು. ಜೈಲಿಗೇ ಹೋಗಿ ಮಾತನಾಡಿರೆಂದು ಮನೆಯವರು ಸಂಕೋಚವಿಲ್ಲದೆ ಒತ್ತಾಯಿಸಬೇಕು.

ಶಿಕ್ಷೆಯಾದ ಬಳಿಕ ಭೇಟಿಯ ಅಗತ್ಯವು ಇನ್ನೂ ಹೆಚ್ಚುತ್ತದೆ. ಸೆರೆವಾಸಕ್ಕೆ ಗುರಿಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಸತ್ರ ನ್ಯಾಯಾಲಯದ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಧಿಯುಂಟು, ಮರಣದಂಡನೆಯಾದರೆ 30 ದಿನ. ಕೈದಿಯು ಮನವಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಟ್ಟರೂ ಅವರು ಅದನ್ನು ನ್ಯಾಯಾಲಯಕ್ಕೆ ಕಳುಹಿಸಲು ಬದ್ಧರು. ಧಾರವಾಡದ ಪೀಠದಲ್ಲಿ ಬೇರೆ ವಕೀಲರನ್ನು ನೇಮಿಸಿಕೊಳ್ಳುವುದಾದರೆ ಕೆಳಗಿನ ನ್ಯಾಯಾಲಯದ ವಕಾಲತ್ತು ಅಲ್ಲಿ ಸಲ್ಲದು. ಹೊಸ ವಕಾಲತ್ತಿಗೆ ಮತ್ತೊಮ್ಮೆ ಅವನ ರುಜು, ಮತ್ತೊಮ್ಮೆ ಜೈಲಿನ ಮೊಹರು ಬೇಕು. ಆದುದರಿಂದ ತೀರ್ಪು ಹೊರಬಿದ್ದ ವಾರದಲ್ಲಿಯೇ ಆ ಭೇಟಿಗೆ ಅರ್ಜಿ ಹಾಕಿಸುವುದು ಒಳಿತು.